ತಾಂಜಾನಿಯಾದಿಂದ ಬಂದ ಅಣ್ಣನ ಮಗನ ಬೆನ್ನುಹುರಿಯಲ್ಲಿ ಹುಳದ ಮೊಟ್ಟೆ: ಉಳಿದ ಮಕ್ಕಳಿಗೆ ಅಂಟುತ್ತದೆಯೇ?

ತೋಟದಮನೆ, ಶಿರಸಿ
ತಿಳಿದವರು ದಯವಿಟ್ಟು ಉತ್ತರಿಸಿ. ಅಣ್ಣ ತಾಂಜಾನಿಯಾದ ಮ್ವಾಂಜಾದಲ್ಲಿ ಕೆಲಸದಲ್ಲಿದ್ದಾನೆ. ವಿಕ್ಟೋರಿಯಾ ಸರೋವರದ ದಂಡೆಯ ಊರು ಅದು. ರಜೆಗೆಂದು ಅತ್ತಿಗೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದರು. ಒಂಬತ್ತು ವರ್ಷದ ಮಾಣಿ ಬಂದ ಸ್ವಲ್ಪ ದಿನಕ್ಕೇ ಸೊಂಟ ನೋವು ಎನ್ನತೊಡಗಿದ. ಮರ ಹತ್ತಿ ಉಳುಕಿಸಿಕೊಂಡಿರಬೇಕು ಎಂದು ಆಯಿ ಎಣ್ಣೆ ತಿಕ್ಕಿದರು. ಆಮೇಲೆ ಮೆಟ್ಟಿಲು ಹತ್ತುವಾಗ ಕಾಲು ಎಳೆಯಲು ಶುರುವಾಯಿತು. ಒಂದು ಬೆಳಿಗ್ಗೆ ಮೂತ್ರವೇ ಕಟ್ಟಿತು. ದೇವಿಮನೆ ಘಟ್ಟ ಇಳಿದು ದೂರದ ದೊಡ್ಡ ಆಸ್ಪತ್ರೆಗೆ ಓಡಿದೆವು.

ಎಂ.ಆರ್.ಐ.ಯಲ್ಲಿ ಬೆನ್ನುಹುರಿಯ ಕೆಳತುದಿ ಊದಿಕೊಂಡಿರುವುದು ಕಂಡಿತು. ಮಲ ಪರೀಕ್ಷೆಯಲ್ಲಿ ಹುಳದ ಮೊಟ್ಟೆ ಸಿಕ್ಕಿತು. ಸ್ಕಿಸ್ಟೊಸೋಮಿಯಾಸಿಸ್ ಎಂದರು. ಚಿಕಿತ್ಸೆ ನಡೆಯುತ್ತಿದೆ, ಕಾಲಿನ ಬೆರಳು ಆಡಿಸುತ್ತಿದ್ದಾನೆ.

ಈಗ ನನ್ನ ಪ್ರಶ್ನೆ. ಅವನು ಬಂದ ಹೊಸತರಲ್ಲಿ ಊರಿನ ಕೆರೆಯಲ್ಲಿ ಎಲ್ಲ ಮಕ್ಕಳ ಜೊತೆ ಈಜಿದ್ದ. ಸುದ್ದಿ ಹಬ್ಬಿದ ಮೇಲೆ ಕೆಳಗಿನ ಮನೆಯವರು ಮಕ್ಕಳನ್ನು ನಮ್ಮ ಅಂಗಳಕ್ಕೂ ಕಳಿಸುತ್ತಿಲ್ಲ. ನನ್ನ ಮಕ್ಕಳು ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಹಾಸಿಗೆಯಲ್ಲಿ ಮಲಗಿದವರು. ಅಂಟುತ್ತದೆಯೇ? ಆಸ್ಪತ್ರೆಯಲ್ಲಿ ಕೇಳಿದರೆ "ಇಲ್ಲ" ಎಂದು ಒಂದೇ ಮಾತು ಹೇಳಿ ಮುಂದಿನ ಹಾಸಿಗೆಗೆ ಹೋದರು.

ಬಿಸಿಲುಕೊಪ್ಪದವ
ಮೊದಲು ಮಾಣಿ ಹುಷಾರಾಗಲಿ. ಕೆರೆಯ ವಿಷಯ ಆಮೇಲೆ.

ಸೂಕ್ಷ್ಮದರ್ಶಕ
ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವ. ಅಂಟುವುದಿಲ್ಲ. ಯಾಕೆ ಅಂಟುವುದಿಲ್ಲ ಎಂಬುದನ್ನೂ ಹೇಳುತ್ತೇನೆ, ಕೆಳಗಿನ ಮನೆಯವರಿಗೆ ಓದಿ ಹೇಳಿ.

ಇದು ರಕ್ತನಾಳದಲ್ಲಿ ಬದುಕುವ ಹುಳು. ಗಂಡು ಹೆಣ್ಣು ಜೋಡಿಯಾಗಿ ಹೊಟ್ಟೆಯ ಸುತ್ತಲಿನ ರಕ್ತನಾಳಗಳಲ್ಲಿ ವರ್ಷಗಟ್ಟಲೆ ಇದ್ದು ಮೊಟ್ಟೆ ಇಡುತ್ತವೆ. ಮೊಟ್ಟೆ ಮಲದಲ್ಲೋ ಮೂತ್ರದಲ್ಲೋ ಹೊರಬಂದು ಸಿಹಿನೀರು ಸೇರಬೇಕು. ಅಲ್ಲಿ ಒಡೆದು ಬಂದ ಮರಿ ಸುಮಾರು ಒಂದು ದಿನದೊಳಗೆ ತನಗೆ ಬೇಕಾದ ಜಾತಿಯ ಬಸವನಹುಳುವಿನ ಮೈ ಹೊಕ್ಕಬೇಕು. ಹೊಕ್ಕಿತು ಎಂದರೂ ಅದರೊಳಗೆ ನಾಲ್ಕಾರು ವಾರ ಬೆಳೆಯಬೇಕು. ಆಮೇಲೆ ಬಾಲವಿರುವ ಸೂಕ್ಷ್ಮ ಮರಿಗಳು ನೀರಿಗೆ ಬರುತ್ತವೆ. ಮನುಷ್ಯನ ಚರ್ಮವನ್ನು ತೂರಿ ಒಳಗೆ ಹೋಗುವುದು ಆ ಮರಿಗಳು ಮಾತ್ರ. ಮಾಣಿಯ ಎಂಜಲಿನಲ್ಲಿ, ಬೆವರಿನಲ್ಲಿ, ಹಾಸಿಗೆಯಲ್ಲಿ ಏನೂ ಇಲ್ಲ. ಅವನ ಪಕ್ಕದಲ್ಲೇ ಈಜಿದ ಮಕ್ಕಳಿಗೂ ಏನೂ ಆಗುವುದಿಲ್ಲ.

ಮಲದಲ್ಲಿ ಸಿಕ್ಕ ಮೊಟ್ಟೆ ಎಂದರೆ ಬಹುಶಃ ಮ್ಯಾನ್ಸೋನಿ ಎಂಬ ಜಾತಿ. ಮೊಟ್ಟೆಯ ಪಕ್ಕಕ್ಕೆ ಮುಳ್ಳು ಇರುತ್ತದೆ. ಅದಕ್ಕೆ ಬಯೊಂಫಲೇರಿಯಾ ಎಂಬ ಬಸವನಹುಳುವೇ ಬೇಕು. ಅದರ ನೆಲೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ.

ಗದ್ದೆಬದಿ
ಆಫ್ರಿಕಾದ ಬಸವನಹುಳು ಎಂದಿರಲ್ಲ, ನಮ್ಮ ಅಡಕೆ ತೋಟದಲ್ಲಿ ಮಳೆಗಾಲ ಬಂದರೆ ಅಂಗೈ ಅಗಲದ ಆಫ್ರಿಕನ್ ಶಂಖದ ಹುಳು ಬುಟ್ಟಿಗಟ್ಟಲೆ ಸಿಗುತ್ತದೆ! ಅದು ಬಂದಾಯಿತು, ಇನ್ನು ರೋಗ ಬರುವುದಕ್ಕೆ ಏನು ಬೇಕು?

ಸೂಕ್ಷ್ಮದರ್ಶಕ
@ಗದ್ದೆಬದಿ ಹೆಸರು ಒಂದೇ, ಪ್ರಾಣಿ ಬೇರೆ. ನಿಮ್ಮ ತೋಟದ್ದು ನೆಲದ ಮೇಲೆ ಬದುಕುವುದು. 1847ರಲ್ಲೇ ಕಲ್ಕತ್ತಾಕ್ಕೆ ಯಾರೋ ತಂದು ಬಿಟ್ಟದ್ದು ಈಗ ದೇಶ ತುಂಬಿದೆ. ಈ ಕಾಯಿಲೆಯ ಹುಳು ಅದರಲ್ಲಿ ಬೆಳೆಯುವುದಿಲ್ಲ. ಇದಕ್ಕೆ ಬೇಕಾದದ್ದು ನೀರಿನಲ್ಲಿ, ಜೊಂಡಿನ ನಡುವೆ ಇರುವ ಪುಟ್ಟ ಬಸವನಹುಳು, ಉಗುರಿನಷ್ಟು ಅಗಲದ್ದು.

ಹಾಗೆಂದು ತೋಟದ್ದನ್ನು ಬರಿಗೈಯಲ್ಲಿ ಹಿಡಿಯಬೇಡಿ. ಇಲಿಯ ಶ್ವಾಸಕೋಶದ ಹುಳುವಿನ ಮರಿ ಅದರಲ್ಲಿ ಇರಬಹುದು. ಅದು ಬಾಯಿಗೆ ಹೋದರೆ ಮಿದುಳು ಪೊರೆಯ ಉರಿಯೂತ ಬರುತ್ತದೆ. ಮಕ್ಕಳು ಆಟಕ್ಕೆ ಹಿಡಿದು ಕೈ ತೊಳೆಯದೆ ತಿಂಡಿಗೆ ಕೂರುತ್ತಾರೆ.

ಗದ್ದೆಬದಿ
ಒಂದು ಹೆದರಿಕೆ ತೆಗೆದು ಇನ್ನೊಂದು ಕೊಟ್ಟಿರಿ. ಉಪ್ಪು ಹಾಕುತ್ತಿದ್ದೇವೆ, ಸಾಯುತ್ತದೆ, ಮರುದಿನ ಅಷ್ಟೇ ಇರುತ್ತದೆ.

ವಾದಪ್ರಿಯ, ಕಾರವಾರ
ಎಲ್ಲರೂ ಇಷ್ಟು ಧೈರ್ಯದಿಂದ "ಇಲ್ಲಿ ಬರುವುದೇ ಇಲ್ಲ" ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಫ್ರಾನ್ಸಿನ ಕೊರ್ಸಿಕಾ ದ್ವೀಪದಲ್ಲೂ ಇಲ್ಲ ಎಂದೇ ನಂಬಿದ್ದರು. ಅಲ್ಲಿಯ ಕಾವು ನದಿಯಲ್ಲಿ 2013ರ ಬೇಸಿಗೆಯಲ್ಲಿ ಈಜಿದವರ ಮೂತ್ರದಲ್ಲಿ ರಕ್ತ ಬಂತು, 2014ರಲ್ಲಿ ಇದೇ ಕಾಯಿಲೆ ಎಂದು ಪತ್ತೆಯಾಯಿತು. ಅವರಲ್ಲಿ ಆಫ್ರಿಕಾಕ್ಕೆ ಕಾಲಿಡದ ಮಕ್ಕಳೂ ಇದ್ದರು. ಹುಳುವಿನ ವಂಶವಾಹಿ ಸೆನೆಗಲ್ ಕಡೆಗೆ ಬೊಟ್ಟು ಮಾಡಿತು. ಯಾರೋ ಒಬ್ಬರು ಹೊತ್ತು ತಂದದ್ದು.

ಅಷ್ಟು ದೂರ ಯಾಕೆ, ನಮ್ಮದೇ ಕೊಂಕಣ ಕರಾವಳಿಯ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಮೂತ್ರಕೋಶದ ಸ್ಕಿಸ್ಟೊಸೋಮಿಯಾಸಿಸ್ ಇತ್ತು ಎಂದು 1952ರಲ್ಲೇ ವೈದ್ಯರು ಬರೆದಿದ್ದಾರೆ. ಕಾರವಾರದಿಂದ ರೈಲು ಹತ್ತಿದರೆ ಅದೇ ದಿನ ರತ್ನಾಗಿರಿ. ಕೆಳಗಿನ ಮನೆಯವರು ಹೆದರಿದ್ದು ತಪ್ಪೇ?

ಸೂಕ್ಷ್ಮದರ್ಶಕ
ಕೊರ್ಸಿಕಾದ ಮಾತು ನಿಜ, ಗಿಮ್ವಿಯದೂ ನಿಜ. ಆದರೆ ಕೊರ್ಸಿಕಾದಲ್ಲಿ ಬೇಕಾದ ಬಸವನಹುಳು ಬುಲೈನಸ್ ಮೊದಲೇ ನದಿಯಲ್ಲಿ ಇತ್ತು. ಆ ಜಾತಿಯ ಮೊಟ್ಟೆ ಮೂತ್ರದಲ್ಲಿ ಬರುತ್ತದೆ, ಈಜುವವರು ನೀರಿನಲ್ಲೇ ಮೂತ್ರ ಮಾಡುತ್ತಾರೆ. ಗಿಮ್ವಿ ಒಂದು ಸಣ್ಣ ಜಾಗವಾಗಿಯೇ ಉಳಿಯಿತು, ದೇಶ ತುಂಬ ಹಬ್ಬಲಿಲ್ಲ. ಎಷ್ಟೋ ಜನ ಆಫ್ರಿಕಾದಿಂದ ಬಂದು ಹೋದರೂ ಹಬ್ಬಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವಾದಪ್ರಿಯ, ಕಾರವಾರ
ಲೆಕ್ಕಕ್ಕೆ ತೆಗೆದುಕೊಂಡೆ. "ಸಾಧ್ಯತೆ ತೀರಾ ಕಡಿಮೆ" ಎನ್ನಿ, "ಇಲ್ಲ" ಎನ್ನಬೇಡಿ. ಅಷ್ಟೇ ನನ್ನ ತಕರಾರು.

ಅಘನಾಶಿನಿ ಅಕ್ಕ, ಕುಮಟಾ
ತಕರಾರು ಮಾಡುವವರಿಗೆ ಒಂದು ಮಾತು: ಆ ಮನೆಯಲ್ಲಿ ಶೌಚಾಲಯವಿದೆ, ಗುಂಡಿ ಇದೆ, ಹುಡುಗನಿಗೆ ಔಷಧಿ ನಡೆಯುತ್ತಿದೆ. ಕೆರೆಗೆ ಮೊಟ್ಟೆ ಹೋಗುವ ದಾರಿಯೇ ಇಲ್ಲ. ಕಾಲು ಬಿದ್ದ ಮಗುವನ್ನು ಅಂಗಳದಿಂದ ದೂರ ಇಡುವುದಕ್ಕೆ ಕೊರ್ಸಿಕಾ ನೆಪವಾಗಬಾರದು.

ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವಳು. ತೋಟದಮನೆಯವರೇ, ಹುಡುಗನ ಮಲವನ್ನು ಎರಡು ಸಲ ತೆಗೆದುಕೊಂಡು ಹೋಗಿದ್ದಾರೆಯೇ?

ತೋಟದಮನೆ, ಶಿರಸಿ
ಹೌದು ಅಕ್ಕ, ಒಂದು ದಿನ ಬಿಟ್ಟು ಎರಡು ಸಲ. ಐಸ್ ಪೆಟ್ಟಿಗೆ ತಂದಿದ್ದರು. ಪೋಲಿಯೋ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿ ಅತ್ತಿಗೆ ಅತ್ತುಬಿಟ್ಟರು. ಆಮೇಲೆ ಹುಳದ ಮೊಟ್ಟೆ ಎಂದರು. ಎರಡೂ ಇದೆಯೇ ಎಂಬ ಗೊಂದಲ ಇನ್ನೂ ಹೋಗಿಲ್ಲ.

ಅಘನಾಶಿನಿ ಅಕ್ಕ, ಕುಮಟಾ
ಅದು ನಿಯಮ ತಂಗಿ, ಹೆದರಬೇಡಿ. 15 ವರ್ಷದೊಳಗಿನ ಯಾವ ಮಗುವಿಗೆ ಇದ್ದಕ್ಕಿದ್ದಂತೆ ಕೈಕಾಲು ಸೋತರೂ, ಕಾರಣ ಏನೇ ಇರಲಿ, ವರದಿ ಮಾಡಲೇಬೇಕು. ಕಾಲು ಸೋತ 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಮಲದ ಮಾದರಿ ಕಳಿಸುತ್ತಾರೆ. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ. 2014ರಲ್ಲಿ ಪೋಲಿಯೋ ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಆದರೂ ಈ ಕಾವಲು ನಿಲ್ಲಿಸಿಲ್ಲ. ಹುಳದ ಮೊಟ್ಟೆ ಹುಡುಕುವ ಪರೀಕ್ಷೆ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕದ್ರಾ ಹಿನ್ನೀರು
ಹೊಟ್ಟೆಯ ರಕ್ತನಾಳದಲ್ಲಿರುವ ಹುಳು ಬೆನ್ನುಹುರಿಗೆ ಹೋದದ್ದಾದರೂ ಹೇಗೆ? ಇದು ನನಗೆ ಅರ್ಥವಾಗಲಿಲ್ಲ.

ಮಕ್ಕಳ ಡಾಕ್ಟರ್
ನಾನು ಮಕ್ಕಳ ವೈದ್ಯೆ. ಈ ಹುಡುಗನನ್ನು ನೋಡಿಲ್ಲ, ಹಾಗಾಗಿ ಸಾಮಾನ್ಯ ಮಾತು ಮಾತ್ರ.

ಹೆಚ್ಚಾಗಿ ಅಲ್ಲಿಗೆ ಹೋಗುವುದು ಮೊಟ್ಟೆ. ಹೊಟ್ಟೆಯ ಕೆಳಭಾಗದ ರಕ್ತನಾಳಗಳಿಗೂ ಬೆನ್ನುಮೂಳೆಯ ಸುತ್ತಲಿನ ರಕ್ತನಾಳಗಳ ಜಾಲಕ್ಕೂ ನೇರ ಸಂಪರ್ಕವಿದೆ. ಈ ಜಾಲವನ್ನು ಬ್ಯಾಟ್ಸನ್ ಎಂಬ ಅಂಗರಚನಾ ತಜ್ಞರು 1940ರಲ್ಲಿ ವಿವರಿಸಿದರು. ಇದರಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ಮುಕ್ಕಿದಾಗ ಹೊಟ್ಟೆಯ ಒತ್ತಡ ಏರಿದರೆ ಭರತದ ಹೊತ್ತಿನಲ್ಲಿ ಅಘನಾಶಿನಿಯ ನೀರು ಮೇಲಕ್ಕೆ ಏರುವ ಹಾಗೆ ರಕ್ತ ಹಿಂದಕ್ಕೆ ಹರಿಯುತ್ತದೆ. ಜೊತೆಗೆ ಮೊಟ್ಟೆಯೂ ಹೋಗುತ್ತದೆ. ಕೆಲವೊಮ್ಮೆ ಹುಳುವಿನ ಜೋಡಿಯೇ ದಾರಿ ತಪ್ಪಿ ಹತ್ತಿರ ಹೋಗಿ ಅಲ್ಲಿ ಮೊಟ್ಟೆ ಇಡುತ್ತದೆ. ಬೆನ್ನುಹುರಿಯ ಕೆಳತುದಿಯೇ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದಕ್ಕೆ ಇದೇ ಕಾರಣ. ಸೊಂಟ ನೋವು, ಕಾಲಿಗೆ ಸೆಳೆತ, ಕಾಲು ಸೋಲುವುದು, ಮೂತ್ರ ಕಟ್ಟುವುದು ಎಲ್ಲ ಆ ಭಾಗದ್ದೇ ಲಕ್ಷಣ.

ಹಾನಿ ಮಾಡುವುದು ಮೊಟ್ಟೆಗಿಂತ ಹೆಚ್ಚಾಗಿ ಅದರ ಸುತ್ತ ನಮ್ಮ ದೇಹವೇ ಕಟ್ಟುವ ಗಂಟು ಮತ್ತು ಊತ. ಆದ್ದರಿಂದ ಊತ ಇಳಿಸುವ ಸ್ಟೀರಾಯ್ಡ್ ಮುಖ್ಯ, ಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಅದರ ಜೊತೆಗೆ. ಬೇಗ ಶುರುವಾದರೆ ಬಹಳ ಮಕ್ಕಳು ಮತ್ತೆ ನಡೆಯುತ್ತಾರೆ. ತಡವಾದರೆ ಉಳಿದುಕೊಳ್ಳುವ ಅಪಾಯವಿದೆ, ಅದರಲ್ಲೂ ಮೂತ್ರಕೋಶದ ತೊಂದರೆ.

ಒಂದು ಎಚ್ಚರಿಕೆ: ಇದನ್ನು ಓದಿ ನಮ್ಮೂರಿನ ಮಗುವಿಗೆ ಬೆನ್ನು ನೋವು ಬಂದ ಕೂಡಲೇ ಹುಳು ಎನ್ನಬೇಡಿ. ಆಫ್ರಿಕಾಕ್ಕೆ ಹೋಗದ ಮಗುವಿಗೆ ಬಹುದಿನದ ಬೆನ್ನು ನೋವು, ಜ್ವರ, ತೂಕ ಇಳಿಕೆ ಇದ್ದರೆ ನಾವು ಮೊದಲು ನೋಡುವುದು ಬೆನ್ನುಮೂಳೆಯ ಕ್ಷಯ.

ದಾರ್‌ನಿಂದ ಹೊನ್ನಾವರಕ್ಕೆ
ಡಾಕ್ಟರ್ ಬರೆದದ್ದು ಚೆನ್ನಾಗಿದೆ. ನಾನು ದಾರ್ ಎಸ್ ಸಲಾಮ್‌ನಲ್ಲಿ ಬಹಳ ವರ್ಷ ಇದ್ದವ. ಅಲ್ಲಿ ಈ ಕಾಯಿಲೆಗೆ ಬಿಲ್ಹಾರ್ಜಿಯಾ ಎನ್ನುತ್ತಾರೆ, ಶಾಲಾ ಮಕ್ಕಳಿಗೆಲ್ಲ ಗೊತ್ತು. ಶಾಲೆಯಲ್ಲಿ ಸಾಲು ನಿಲ್ಲಿಸಿ ಎತ್ತರ ಅಳೆದು ಮಾತ್ರೆ ಕೊಡುತ್ತಾರೆ, ಎತ್ತರದ ಕೋಲಿನ ಮೇಲೆಯೇ ಎಷ್ಟು ಮಾತ್ರೆ ಎಂದು ಬರೆದಿರುತ್ತದೆ. ನಮ್ಮ ಭಾರತೀಯರ ಮಕ್ಕಳು ಓದುವ ದುಬಾರಿ ಶಾಲೆಗಳಲ್ಲಿ ನಾನು ಅದನ್ನು ಕಂಡಿಲ್ಲ. ಭಾನುವಾರ ಮಾತ್ರ ಸರೋವರದ ರೆಸಾರ್ಟಿಗೆ ಎಲ್ಲರೂ ಹೋಗುತ್ತಾರೆ. ನೀರು ತಿಳಿಯಾಗಿ ಕಾಣುತ್ತದೆ, ಮಕ್ಕಳು ದಡದ ಜೊಂಡಿನ ಹತ್ತಿರವೇ ಆಡುತ್ತವೆ. ಹುಳು ಇರುವುದೂ ಅಲ್ಲೇ.

ಸಮುದ್ರದಲ್ಲಿ ಈ ಭಯವಿಲ್ಲ. ಉಪ್ಪುನೀರಿನಲ್ಲಿ ಆ ಬಸವನಹುಳು ಬದುಕುವುದಿಲ್ಲ.

ವಾದಪ್ರಿಯ, ಕಾರವಾರ
ಹಾಗಾದರೆ ಕಾರವಾರದವರು ಬಚಾವ್, ಘಟ್ಟದ ಮೇಲಿನವರು ನೋಡಿಕೊಳ್ಳಿ.

ಬಿಸಿಲುಕೊಪ್ಪದವ
ಘಟ್ಟದ ಮೇಲೆ ನಮಗೆ ಉಂಬಳ, ಉಣ್ಣಿ, ಮಂಗನ ಕಾಯಿಲೆ ಸಾಕಾಗಿದೆ. ಇದನ್ನು ನಿಮಗೇ ಬಿಟ್ಟುಕೊಟ್ಟೆವು.

ಕಷಾಯಪ್ರೇಮಿ
ಇಷ್ಟೆಲ್ಲ ಇಂಗ್ಲಿಷ್ ಮದ್ದು ಯಾಕೆ? ಪಪ್ಪಾಯಿ ಬೀಜ ಅರೆದು ಜೇನಿನಲ್ಲಿ ಕೊಡಿ. ಕಹಿಬೇವಿನ ಕಷಾಯ ವಾರಕ್ಕೊಮ್ಮೆ. ನಮ್ಮ ಅಜ್ಜಿಯ ಕಾಲದಲ್ಲಿ ಹುಳ ಎಲ್ಲ ಹಾಗೆಯೇ ಬೀಳುತ್ತಿತ್ತು.

ಮಕ್ಕಳ ಡಾಕ್ಟರ್
ನಿಮ್ಮ ಅಜ್ಜಿ ಬೀಳಿಸಿದ್ದು ಕರುಳಿನ ಹುಳ. ಇದು ಕರುಳಿನೊಳಗೆ ಇಲ್ಲ, ರಕ್ತನಾಳದಲ್ಲಿದೆ. ಕಾಲು ಸೋತ ಮಗುವಿನ ಒಂದೊಂದು ದಿನವೂ ಬೆಲೆಯುಳ್ಳದ್ದು. ದಯವಿಟ್ಟು ಇಂಥ ಸಲಹೆ ಬರೆಯಬೇಡಿ.

ಕಷಾಯಪ್ರೇಮಿ
ನಾನು ಜೊತೆಗೆ ಕೊಡಿ ಎಂದೆ, ಬದಲಿಗೆ ಎನ್ನಲಿಲ್ಲ.

ಅಘನಾಶಿನಿ ಅಕ್ಕ, ಕುಮಟಾ
"ಇಷ್ಟೆಲ್ಲ ಇಂಗ್ಲಿಷ್ ಮದ್ದು ಯಾಕೆ" ಎಂದವರು ನೀವೇ. ಮೇಲೆ ಇದೆ.

ಕದ್ರಾ ಹಿನ್ನೀರು
ಶಾಲೆಯಲ್ಲಿ ಫೆಬ್ರವರಿ 10ಕ್ಕೆ ಜಂತುಹುಳು ಮಾತ್ರೆ ಕೊಡುತ್ತಾರಲ್ಲ, ಅದು ಸಾಲದೇ?

ಸೂಕ್ಷ್ಮದರ್ಶಕ
ಸಾಲದು. ಅದು ಅಲ್ಬೆಂಡಜೋಲ್, ಕರುಳಿನ ದುಂಡುಹುಳುಗಳಿಗೆ. ರಕ್ತನಾಳದ ಈ ಚಪ್ಪಟೆ ಹುಳುವಿಗೆ ಪ್ರಾಜಿಕ್ವಾಂಟೆಲೇ ಬೇಕು.

ಗೋಶಾಲೆ, ಯಲ್ಲಾಪುರ
ನಾನು ಪಶುವೈದ್ಯ. ಪ್ರಾಜಿಕ್ವಾಂಟೆಲ್ ಹೆಸರು ನೋಡಿ ಬಂದೆ. ನಾಯಿಗೆ ಲಾಡಿಹುಳುವಿಗೆಂದು ಕೊಡುವ ಮಾತ್ರೆಯಲ್ಲಿ ಇರುವುದೂ ಇದೇ. ಆದರೆ ಪಕ್ಕದ ಮನೆಯ ನಾಯಿಯ ಮಾತ್ರೆ ಮುರಿದು ಮಗುವಿಗೆ ಕೊಡುವ ಮಹಾನುಭಾವರು ನಮ್ಮಲ್ಲಿ ಇದ್ದಾರೆ, ಅವರಿಗಾಗಿ ಹೇಳುತ್ತೇನೆ: ಬೇಡ. ಅದರಲ್ಲಿ ಬೇರೆ ಔಷಧಿಗಳೂ ಬೆರೆತಿರುತ್ತವೆ.

ಇನ್ನೊಂದು ವಿಷಯ. ಈ ಹುಳುವಿನ ದಾಯಾದಿಗಳು ನಮ್ಮ ಕೆರೆಗಳಲ್ಲಿ ಯಾವಾಗಲೋ ಇವೆ, ಆದರೆ ದನಗಳಿಗೆ. ಎತ್ತಿನ ಮೂಗಿನಲ್ಲಿ ಹೂಕೋಸಿನಂಥ ಗಂಟು ಬೆಳೆದು ಗೊರಕೆಯ ಸದ್ದು ಬರುವುದನ್ನು ನೀವು ನೋಡಿರಬಹುದು. ಅದು ಸ್ಕಿಸ್ಟೊಸೋಮಾ ನೇಸೇಲ್. ಕೆರೆಯ ಚಪ್ಪಟೆ ಸುರುಳಿಯ ಬಸವನಹುಳು ಅದನ್ನು ಸಾಕುತ್ತದೆ. ಗದ್ದೆ ನೆಡುವಾಗ ಕಣಕಾಲಿಗೆ ತುರಿಕೆ ಎದ್ದು ಕೆಂಪು ಗುಳ್ಳೆ ಬರುತ್ತದಲ್ಲ, ಅದಕ್ಕೆ ಒಂದು ಕಾರಣ ಈ ದನದ ಹುಳುವಿನ ಮರಿಗಳು ಮನುಷ್ಯನ ಚರ್ಮ ಹೊಕ್ಕು ಅಲ್ಲೇ ಸಾಯುವುದು. ಮುಂದೆ ಹೋಗಿ ಬೆನ್ನುಹುರಿ ಸೇರುವ ಶಕ್ತಿ ಅವುಗಳಿಗಿಲ್ಲ.

ಗದ್ದೆಬದಿ
ಎಂಥ ಮಾತು! ನಮ್ಮ ಕೆಂದ ಎತ್ತಿಗೆ ಇದೇ ಗೊರಕೆ ಇತ್ತು. ದೃಷ್ಟಿ ತಾಗಿದೆ ಎಂದು ತೆಂಗಿನಕಾಯಿ ಒಡೆಸಿದ್ದೆವು. ಅದಕ್ಕೆ ಔಷಧಿ ಇದೆಯೇ?

ಗೋಶಾಲೆ, ಯಲ್ಲಾಪುರ
ಇದೆ. ಹತ್ತಿರದ ಪಶು ಆಸ್ಪತ್ರೆಗೆ ಎತ್ತನ್ನು ಕರೆದುಕೊಂಡು ಹೋಗಿ. ಜೊತೆಗೆ ಕೆರೆಗೆ ಬಾತುಕೋಳಿ ಬಿಡಿ, ಬಸವನಹುಳು ತಿನ್ನುತ್ತವೆ.

ಇತಿಹಾಸದ ಹುಚ್ಚು
ವಿಷಯಾಂತರ, ಕ್ಷಮಿಸಿ. ಬಿಲ್ಹಾರ್ಜ್ ಎಂಬ ಜರ್ಮನ್ ವೈದ್ಯ 1851ರಲ್ಲಿ ಕೈರೋದಲ್ಲಿ ಶವಪರೀಕ್ಷೆ ಮಾಡುವಾಗ ಈ ಹುಳುವನ್ನು ಕಂಡುಹಿಡಿದ. 1910ರಲ್ಲಿ ರಫರ್ ಎಂಬಾತ ಮೂರು ಸಾವಿರ ವರ್ಷ ಹಳೆಯ ಈಜಿಪ್ಟಿನ ಮಮ್ಮಿಗಳ ಮೂತ್ರಪಿಂಡದಲ್ಲಿ ಇದರ ಮೊಟ್ಟೆ ತೋರಿಸಿದ. ಇನ್ನೂ ಕಹಿಯಾದ ಕಥೆ ಆಮೇಲಿನದು. ಪ್ರಾಜಿಕ್ವಾಂಟೆಲ್ ಬರುವ ಮೊದಲು ಈಜಿಪ್ಟಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಆಂಟಿಮನಿ ಚುಚ್ಚುಮದ್ದು ಕೊಡುತ್ತಿದ್ದರು. ಸೂಜಿಗಳನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಆ ದೇಶದಲ್ಲಿ ಮನೆಮನೆಗೆ ಹೋಯಿತು. ಒಂದು ರೋಗ ಬಿಡಿಸಲು ಹೋಗಿ ಇನ್ನೊಂದು.

ಬಿಸಿಲುಕೊಪ್ಪದವ
ವಿಷಯಾಂತರವಾದರೂ ಓದಿಸಿಕೊಂಡಿತು.

ತೋಟದಮನೆ, ಶಿರಸಿ
ಎಲ್ಲರಿಗೂ ಧನ್ಯವಾದ. ಸೂಕ್ಷ್ಮದರ್ಶಕರು ಬರೆದದ್ದನ್ನು ಕೆಳಗಿನ ಮನೆಯ ಅತ್ತೆಗೆ ಓದಿ ಹೇಳಿದೆ. "ಬಸವನಹುಳು ಇಲ್ಲದೆ ಆಗುವುದಿಲ್ಲ ಎಂದಾದರೆ ಸರಿ, ಆದರೂ ಕೆರೆ ಬೇಡ" ಎಂದರು. ಮಕ್ಕಳನ್ನು ಅಂಗಳಕ್ಕೆ ಬಿಡುತ್ತಾರಂತೆ.

ಡಾಕ್ಟರ್, ಎರಡು ಪ್ರಶ್ನೆ. ಜನವರಿಯಲ್ಲಿ ಅಲ್ಲಿ ಮಾಣಿಗೆ ಜ್ವರ, ಕೆಮ್ಮು, ಮೈಯೆಲ್ಲ ದದ್ದು ಬಂದಿತ್ತು. ಮಲೇರಿಯಾ ಎಂದು ಮಾತ್ರೆ ಕೊಟ್ಟಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಮತ್ತೆ ಆರು ವರ್ಷದ ತಂಗಿಗೆ, ಅತ್ತಿಗೆಗೆ ಏನೂ ತೊಂದರೆ ಇಲ್ಲ. ಅವರಿಗೂ ಪರೀಕ್ಷೆ ಮಾಡಿಸಬೇಕೇ?

ಮಕ್ಕಳ ಡಾಕ್ಟರ್
ಸಂಬಂಧ ಇರಬಹುದು. ಹುಳು ಒಳಹೊಕ್ಕ ಕೆಲವು ವಾರಗಳಿಗೆ ಜ್ವರ, ಕೆಮ್ಮು, ದದ್ದು ಬರುವುದುಂಟು, ಕಟಾಯಾಮಾ ಜ್ವರ ಎನ್ನುತ್ತಾರೆ. ಮಲೇರಿಯಾ ಇರುವ ಊರಿನಲ್ಲಿ ಅದು ಸುಲಭವಾಗಿ ತಪ್ಪಿಹೋಗುತ್ತದೆ. ರಕ್ತದಲ್ಲಿ ಇಯೊಸಿನೊಫಿಲ್ ಕಣ ಏರಿತ್ತೇ ಎಂದು ಹಳೆಯ ವರದಿ ಇದ್ದರೆ ಈಗಿನ ವೈದ್ಯರಿಗೆ ತೋರಿಸಿ.

ಅದೇ ನೀರಿಗೆ ಇಳಿದವರೆಲ್ಲರಿಗೂ ಪರೀಕ್ಷೆ ಬೇಕು, ತೊಂದರೆ ಇಲ್ಲದಿದ್ದರೂ. ಅಣ್ಣನಿಗೂ. ಮೊಟ್ಟೆ ಕೆಲವೇ ಇದ್ದರೂ ಬೆನ್ನುಹುರಿಗೆ ಹೋಗಬಹುದು. ಮಲ, ಮೂತ್ರ ಎರಡೂ ನೋಡಬೇಕು, ರಕ್ತದ ಪ್ರತಿಕಾಯ ಪರೀಕ್ಷೆಯೂ ಆಗಬೇಕು. ಮಾಣಿಗೂ ಕೆಲವು ವಾರದ ನಂತರ ಮಾತ್ರೆ ಮತ್ತೊಮ್ಮೆ ಬೇಕಾಗಬಹುದು. ಎಳೆಯ ಹುಳುಗಳ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಸೂಕ್ಷ್ಮದರ್ಶಕ
ಮೂತ್ರ ಕೊಡುವಾಗ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗಿನದು ಕೊಡಿ. ಮೂತ್ರದಲ್ಲಿ ಬರುವ ಜಾತಿಯ ಮೊಟ್ಟೆ ಆ ಹೊತ್ತಿನಲ್ಲೇ ಹೆಚ್ಚು. ಎದ್ದ ಕೂಡಲೇ ಹಿಡಿದ ಮೂತ್ರ ಇದಕ್ಕೆ ಬೇಡ. ಮಲ ಒಂದೇ ಸಲ ನೋಡಿ "ಇಲ್ಲ" ಎಂದರೆ ನಂಬಬೇಡಿ, ಬೇರೆ ಬೇರೆ ದಿನದ ಮಾದರಿ ಕೇಳಿ. ಚೀಟಿಯಲ್ಲಿ "ಮ್ವಾಂಜಾದಲ್ಲಿ ವಾಸ, ಸರೋವರದಲ್ಲಿ ಈಜು" ಎಂದು ವೈದ್ಯರಿಂದ ಬರೆಸಿ. ಏನು ಹುಡುಕಬೇಕು ಎಂದು ಗೊತ್ತಿಲ್ಲದ ತಂತ್ರಜ್ಞ ಆ ಮುಳ್ಳಿನ ಮೊಟ್ಟೆಯನ್ನು ಕಸ ಎಂದು ದಾಟಿಸಿಬಿಡುತ್ತಾನೆ.

ವಾದಪ್ರಿಯ, ಕಾರವಾರ
ಈ ಇಡೀ ಚರ್ಚೆಯಲ್ಲಿ ಯಾರೂ ಹೇಳದ ಮಾತು: ಬೆನ್ನುಹುರಿ ಊದಿದ ಮಗುವನ್ನು ಗಾಡಿಯಲ್ಲಿ ಹಾಕಿಕೊಂಡು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವ ಜಿಲ್ಲೆ ನಮ್ಮದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಎಷ್ಟು ಕೂಗಿದೆವು.

ಬಿಸಿಲುಕೊಪ್ಪದವ
ಇದೊಂದು ವಿಷಯದಲ್ಲಿ ನಿಮ್ಮ ಜೊತೆ ವಾದವಿಲ್ಲ.

ಕದ್ರಾ ಹಿನ್ನೀರು
ಅದಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಶುರುವಾದರೆ ಮಾಣಿಯ ವಿಷಯ ಮುಳುಗುತ್ತದೆ.

ದಾರ್‌ನಿಂದ ಹೊನ್ನಾವರಕ್ಕೆ
ತೋಟದಮನೆಯವರೇ, ಅಣ್ಣ ಮ್ವಾಂಜಾದಲ್ಲೇ ಇರುವುದಾದರೆ ಹೇಳಿ: ಸರೋವರದ ನೀರನ್ನು ಸ್ನಾನಕ್ಕೆ ಬಳಸಲೇಬೇಕಾದರೆ ಕುದಿಸಿ ಆರಿಸಬೇಕು. ಇಲ್ಲವೇ ಬಸವನಹುಳು ಇಲ್ಲದ ತೊಟ್ಟಿಯಲ್ಲಿ ಎರಡು ದಿನ ಮುಚ್ಚಿ ಇಟ್ಟು ಬಳಸಬೇಕು. ಆ ಮರಿಗಳು 48 ಗಂಟೆಗಿಂತ ಹೆಚ್ಚು ಬದುಕುವುದಿಲ್ಲ. ಈಜಿದ ಮೇಲೆ ಟವೆಲಿನಿಂದ ಗಟ್ಟಿಯಾಗಿ ಒರೆಸಿಕೊಂಡರೆ ಸಾಕು ಎಂದು ಅಲ್ಲಿಯ ನಮ್ಮವರು ಹೇಳುತ್ತಾರೆ, ಅದನ್ನು ನೆಚ್ಚಿಕೊಳ್ಳಬೇಡಿ.

ತೋಟದಮನೆ, ಶಿರಸಿ
ಅಣ್ಣನಿಗೆ ಕಳಿಸಿದೆ. ಸೋಮವಾರ ಅತ್ತಿಗೆ ಮತ್ತು ಕೂಸಿನ ಮಾದರಿ ಕೊಡುತ್ತೇವೆ. ಶಿರಸಿಯಲ್ಲಿ ಮಕ್ಕಳಿಗೆ ಫಿಸಿಯೋಥೆರಪಿಯನ್ನು ಮನೆಗೇ ಬಂದು ಮಾಡಿಸುವವರು ಯಾರಾದರೂ ಗೊತ್ತಿದ್ದರೆ ಖಾಸಗಿ ಸಂದೇಶದಲ್ಲಿ ತಿಳಿಸಿ.

ಅಘನಾಶಿನಿ ಅಕ್ಕ, ಕುಮಟಾ
ಒಬ್ಬರು ಇದ್ದಾರೆ ತಂಗಿ, ಸಂದೇಶ ನೋಡಿ. ಮೂತ್ರದ ನಳಿಕೆ ಇನ್ನೂ ಇದೆಯೇ ಎಂಬುದನ್ನೂ ಬರೆಯಿರಿ, ಅದನ್ನು ಸ್ವಚ್ಛವಾಗಿ ಇಡುವುದನ್ನು ಮೊದಲು ಕಲಿಸಬೇಕು.